ಜೀವಮಾನಕ್ಕೆ ಎರಡು

ಹೆಸರು ಗ್ಲೆನಿಸ್. ಊರು ರೆನ್‌ಮಾರ್ಕ್.
ಶಾಲೆಯ ಬಸ್ಸು ಓಡಿಸುತ್ತೇನೆ, ಹತ್ತೊಂಬತ್ತು ವರ್ಷದಿಂದ.
ಅರ್ಜಿದಾರ ಇವನು, ಫೀನೌ. ನಾನು ಬರೀ ಸಾಕ್ಷಿ.
ಆದರೂ ತೊಡಕೆಲ್ಲ ನನ್ನ ಲೆಕ್ಕದಲ್ಲೇ ಇರುವುದರಿಂದ
ನಾನೇ ಮೊದಲು ಮಾತಾಡುತ್ತೇನೆ, ಆಗಬಹುದೇ?

ಹೌದು, ಡೆಕ್ಲನ್‌ಗೂ ರುಜು ಹಾಕಿದವಳು ನಾನೇ.
ಐರ್ಲೆಂಡಿನವನು. ಕೆಟ್ಟವನಲ್ಲ.
ಅಡುಗೆಮನೆಗೆ ಹಳದಿ ಬಣ್ಣ ಬಳಿಯಲು ಹಿಡಿದು
ಗೋಡೆ ಅರ್ಧವಾದಾಗ ಪಶ್ಚಿಮದ ಗಣಿಗೆ ಹೋದ.
ಹೋದವನು ಹೋದ.
ಉಳಿದರ್ಧ ಇನ್ನೂ ಬಿಳಿಯೇ ಇದೆ.
ಕಾನೂನು ಅದನ್ನು ಒಂದು ಎಂದು ಎಣಿಸಿದೆ.
ಜೀವಮಾನಕ್ಕೆ ಎರಡೇ ಅಂತೆ.
ಒಂದಕ್ಕೂ ಇನ್ನೊಂದಕ್ಕೂ ನಡುವೆ ಐದು ವರ್ಷ
ಬೀಳು ಬಿಡಬೇಕಂತೆ, ಹೊಲದ ಹಾಗೆ.
ನಾನು ಏಳು ತಿಂಗಳು ಮುಂಚೆ ಪ್ರೀತಿಸಿಬಿಟ್ಟೆ.

ಬಲವಾದ ಕಾರಣ ಉಂಟೇ ಎಂದು ಕೇಳಿದಿರಿ.
ಮಗುವಿದ್ದರೆ ಹೇಳಿ ಅಂದಿದ್ದಳು ವಕೀಲೆ. ಇಲ್ಲ.
ಕಾಯಿಲೆ? ಮಂಡಿನೋವು. ಅದು ಸಾಲದಂತೆ.
ಹಾಗಾದರೆ ಚಾಪೆಯ ಮಾತು ಹೇಳಲೇ?

ಇವರ ಕಡೆ ಸಾವಾದರೆ ಸೊಂಟಕ್ಕೆ ಚಾಪೆ ಕಟ್ಟುತ್ತಾರೆ,
ಹೆತ್ತವಳಿಗಾದರೆ ದೊಡ್ಡದು, ಒರಟು, ಅಂಚು ಹರಿದದ್ದು.
ಹಾಪಾಯ್ ದ್ವೀಪದಲ್ಲಿ ಇವನಮ್ಮ ತೀರಿದ ದಿನ
ಇವನ ಕೈಯಲ್ಲಿದ್ದದ್ದು ಸೇತುವೆ ವೀಸಾ.
ಹೆಸರಿಗೆ ಸೇತುವೆ. ಮೇಲೆ ನಿಲ್ಲಬಹುದು;
ದಾಟಿದರೆ ಬೆನ್ನ ಹಿಂದೆ ಮುರಿದು ಬೀಳುತ್ತದೆ.
ಹೋಗಿಬರಲು ಬೇರೆ ಕಾಗದ ಬೇಕು, ಕೇಳಿದೆವು,
ಬಂತು,
ಮಣ್ಣು ಮಾಡಿದ ಮೂರನೆಯ ದಿನ.

ನನ್ನ ಬಸ್ಸಿನ ಮೆಟ್ಟಿಲ ಮೇಲೆ ಕೂತು
ಫೋನಿನಲ್ಲಿ ನೋಡಿದ.
ಸಿಗ್ನಲ್ ಹೋದಾಗಲೆಲ್ಲ ಅಮ್ಮನ ಪೆಟ್ಟಿಗೆ
ಗಾಳಿಯಲ್ಲೇ ನಿಂತುಬಿಡುತ್ತಿತ್ತು, ಹೊತ್ತವರ ಕೈ ಸಮೇತ.

ಮೂರು ತಿಂಗಳು ಚಾಪೆ ಕಟ್ಟಿಕೊಂಡೇ
ಕಿತ್ತಳೆ ತುಂಬುವ ಶೆಡ್ಡಿಗೆ ಹೋದ.
ಯಂತ್ರದ ಪಟ್ಟಿಗೆ ಸಿಕ್ಕೀತು, ಬಿಚ್ಚು ಅಂದ ಮೇಸ್ತ್ರಿ.
ಬಿಚ್ಚಲಿಲ್ಲ. ಹೊರಗೆ ಪೆಟ್ಟಿಗೆ ಹೊರಲು ನಿಂತ,
ಗಂಟೆಗೆ ಎರಡು ಡಾಲರ್ ಕಮ್ಮಿಗೆ.
ಸಂಜೆ, ಎಳೆ ಬಿಟ್ಟ ಕಡೆಯೆಲ್ಲ ನಾನು ಹೊಲಿದೆ.
ಹೊಲಿಯಬಾರದಂತೆ.
ಹರಿದದ್ದು ಹರಿದೇ ಇರಬೇಕಂತೆ.
ಇವನು ಹೇಳಲಿಲ್ಲ. ಇವನ ತಂಗಿ ಹೇಳಿದಳು, ಎಷ್ಟೋ ದಿನದ ಮೇಲೆ.
ನಲವತ್ತೇಳು ಫೋಟೋ ಇವೆ ನಿಮ್ಮ ಕಡತದಲ್ಲಿ,
ಇಬ್ಬರ ಹೆಸರಿನ ಕರೆಂಟು ಬಿಲ್ಲಿದೆ.
ಆ ಹೊಲಿಗೆ ಇಲ್ಲ.

ಸದಸ್ಯರು ಪೆನ್ನು ಕೆಳಗಿಟ್ಟರು.
ಬೆರಳಲ್ಲಿ ಎರಡು ಸಲ ಎಣಿಸಿದರು.
ಡೆಕ್ಲನ್ ಅರ್ಜಿ ಕೊಟ್ಟು ಇಂದಿಗೆ ಏಳು ವರ್ಷ.
ನೀವು ನಮ್ಮ ಸರದಿಯಲ್ಲಿ ಕಾಯುತ್ತಿದ್ದಾಗಲೇ
ಐದು ಮುಗಿದುಹೋಗಿದೆ, ಅಂದರು.
ಈಗ ಆ ತಡೆ ಇಲ್ಲ. ಕಾರಣ ಬೇಕಾಗಿಲ್ಲ.

ಕಾರಣ ಬೇಕಾಗಿಲ್ಲ.
ಹಾಗಿದ್ದರೆ ಕೊಟ್ಟದ್ದನ್ನು ವಾಪಸು ಕೊಡಿ,
ಬಸ್ಸಿನ ಮೆಟ್ಟಿಲು, ಚಾಪೆ,
ಗಾಳಿಯಲ್ಲಿ ನಿಂತ ಪೆಟ್ಟಿಗೆ.
ಧ್ವನಿಮುದ್ರಣವಾಗಿದೆಯಂತೆ. ಅಳಿಸುವಂತಿಲ್ಲ.

ಕಡತ ಮತ್ತೆ ಇಲಾಖೆಗೆ. ಮಿಕ್ಕದ್ದು ಅವರು ನೋಡುತ್ತಾರೆ,
ಇನ್ನೆಷ್ಟು ತಿಂಗಳೋ.
ಲಿಫ್ಟಿನಲ್ಲಿ ವಕೀಲೆ ಮೆಲ್ಲಗೆ ಅಂದಳು:
ಇವನಿಗೆ ಸಿಕ್ಕರೆ ನಿಮ್ಮ ಪಾಲು ತೀರಿತು, ಗೊತ್ತಲ್ಲ?
ಮೂರನೆಯವನಿಲ್ಲ.
ಐವತ್ತಮೂರಾಯಿತು ನನಗೆ, ನಕ್ಕೆ.
ಫೀನೌ ನಗಲಿಲ್ಲ.
ಆಮೆನ್, ಅಂದ.

ಅಡಿಲೇಡಿನಿಂದ ಮನೆಗೆ ಮೂರು ಗಂಟೆ.
ಹಿಂದಿನ ಸೀಟಿನಲ್ಲಿ ಚಾಪೆ, ಸುರುಳಿ ಸುತ್ತಿದ್ದು.
ತೋರಿಸೋಣವೆಂದು ತಂದಿದ್ದೆ, ಯಾರೂ ಕೇಳಲಿಲ್ಲ.
ಬ್ಲಾಂಚ್‌ಟೌನಿನಲ್ಲಿ ಮರ್ರೆ ನದಿ,
ಕೆಳಗೆ ಕತ್ತಲಲ್ಲಿ ದೋಣಿಮನೆಯೊಂದರ ದೀಪ.
ಸೇತುವೆ ಬಂತು, ಅಂದೆ.
ಇವನಿಗೆ ನಿದ್ದೆ, ಬಾಯಿ ತೆರೆದು.
ಮಕ್ಕಳನ್ನು ಕೂರಿಸಿಕೊಂಡಾಗಿನ ಹಾಗೆ ವೇಗ ಇಳಿಸಿ
ಎಬ್ಬಿಸದೆ ದಾಟಿಸಿದೆ.